ಗುರುವಾರ, ಐದರಿಂದ ಏಳು

ಫ್ರೇಸರ್‌ಬರೋ ಗ್ರಂಥಾಲಯದ ರೇಡಿಯೇಟರಿನ ಪಕ್ಕ
ಒಂದು ಕಾಲು ಗಿಡ್ಡವಾದ ಮೇಜು,
ಅದಕ್ಕೆ ಅಡಿಗೊಟ್ಟ ಹಳೆಯ ಬಸ್ ವೇಳಾಪಟ್ಟಿ,
ಮತ್ತೆ ನಾನು, ವಿಲ್ಮಾ ಡತಿ,
ಮೂವತ್ತೊಂದು ವರ್ಷ ಪತ್ರಿಕೆಯ ಕರಡು ತಿದ್ದಿದವಳು.
ಇಂಗ್ಲಿಷಿನಲ್ಲಿ ಏನು ಅನುಮಾನ ಬಂದರೂ ಕೇಳಬಹುದು.
ಕಾಸಿಲ್ಲ. ಬಿಸ್ಕತ್ತೂ ಉಂಟು.

ಮೀನು ಕಾರ್ಖಾನೆಯ ಪಾಳಿ ಬಿಟ್ಟ ಮೇಲೆ ಬರುತ್ತಾರೆ,
ಎಷ್ಟು ತೊಳೆದರೂ ಹೋಗದ ಹ್ಯಾಡಕ್ ವಾಸನೆಯ ಕೈಗಳು.
ಫ್ಯೂಯರೋ ಲೆಸ್ಸೋ, ಅನ್ನುತ್ತಾನೆ ಜಿಲ್ವಿನಾಸ್.
ಎಣಿಸುವಂಥದಾದರೆ ಫ್ಯೂಯರ್, ಅಳೆಯುವಂಥದಾದರೆ ಲೆಸ್.
ಪೆಟ್ಟಿಗೆ ಫ್ಯೂಯರ್, ಮಂಜುಗಡ್ಡೆ ಲೆಸ್.
ಮತ್ತೆ ಸಂಬಳ?
ಅದು ಎಣಿಸಿದರೂ ಲೆಸ್ಸೇ, ಅಂದೆ.
ನಕ್ಕ. ಬರಕೊಂಡ.

ಅವರ್‌ಗೆ ಯಾಕೆ ಆ್ಯನ್, ಯೂನಿಫಾರ್ಮಿಗೆ ಯಾಕೆ ಎ?
ಕಣ್ಣು ಮುಚ್ಚು, ಕಿವಿಯಿಂದ ಓದು.
ಆ ಎಚ್ಚು ಬರೀ ಜಾಗ ಹಿಡಿದು ಕೂತಿದೆ, ಬಾಯಿ ಬಿಡುವುದಿಲ್ಲ.

ಬೇಕರಿ ಹುಡುಗಿ ಅಂಗಡಿ ಫಲಕದ ಫೋಟೋ ತೋರಿಸುತ್ತಾಳೆ:
ಪೈಸ್ ಅನ್ನುವ ಪದಕ್ಕೆ ಮೇಲೊಂದು ಬಾಲ.
ಬಾಲ ಬೇಡ, ತಾಯಿ. ಪೈ ಯಾವುದಕ್ಕೂ ಒಡೆಯನಲ್ಲ,
ಒಂದಕ್ಕಿಂತ ಹೆಚ್ಚಿದೆ, ಅಷ್ಟೆ.

ಇಷ್ಟೆಲ್ಲ ಹೇಳುವ ಈ ಬಾಯಿಯೂ ಪೆಟ್ಟು ತಿಂದದ್ದೇ.
ಏನು ಅನ್ನುವುದಕ್ಕೆ ನಮ್ಮೂರ ಮಾತಲ್ಲಿ ಫಿಟ್.
ಹಾಗಂದಿದ್ದಕ್ಕೆ ಮಿಸ್ ಕ್ರುಕ್‌ಶ್ಯಾಂಕ್ ಅಂಗೈಗೆ
ಚರ್ಮದ ಪಟ್ಟಿಯಲ್ಲಿ ಎರಡು ಬಿಟ್ಟರು.
ಅವತ್ತಿಂದ ವಾಟ್ ಅಂದೆ.
ಮನೆಗೆ ಬಂದು ಅಮ್ಮನನ್ನೂ ತಿದ್ದಿದೆ.

ಕಳೆದ ವಾರ ಸರ್ಮೀತೆ ಬಂದಳು, ಲಾಟ್ವಿಯಾದವಳು.
ಕೋಟು ಬಿಚ್ಚಲಿಲ್ಲ. ಎರಡು ಪ್ರಶ್ನೆ, ಅಂದಳು.
ಎಲ್ಲ ಕಡೆ ದಿ ಸೀ ಅನ್ನುತ್ತೀರಿ,
ಪೊಲೀಸರ ಕಾಗದದಲ್ಲಿ ಮಾತ್ರ ಅಟ್ ಸೀ.
ದಿ ಎಲ್ಲಿ ಬಿದ್ದುಹೋಯಿತು?
ದಡದಲ್ಲಿ ನಿಂತು ನೋಡುವವರಿಗೆ ದಿ ಬೇಕು,
ಒಳಗೆ ಹೋದವರಿಗೆ ಬೇಡ, ಅಂದೆ.
ಅಂದು ನಾಲಿಗೆ ಕಚ್ಚಿಕೊಂಡೆ.

ಇನ್ನೊಂದು, ಒಂದು ಫಾರಮ್ಮು.
ಐವಾರ್ಸ್ ಅದೇ ದೋಣಿಯಲ್ಲಿ ಹನ್ನೊಂದು ವರ್ಷ ದುಡಿ...
ಬೆರಳು ಅಲ್ಲೇ ನಿಂತಿತು.
ಇಲ್ಲಿ ಹ್ಯಾಸ್ ವರ್ಕ್ಡ್ ಅನ್ನಲೋ, ಬರೀ ವರ್ಕ್ಡ್ ಅನ್ನಲೋ?
ದೋಣಿ ಹೋಗಿ ಹತ್ತೊಂಬತ್ತು ದಿನ.

ನಿಯಮ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲೆ:
ಮುಗಿದುಹೋದದ್ದಾದರೆ ವರ್ಕ್ಡ್,
ಇವತ್ತಿಗೂ ನಂಟು ಉಳಿದಿದ್ದರೆ ಹ್ಯಾಸ್.
ಹೇಳಲಿಲ್ಲ.
ಅವಳಿಗೂ ಗೊತ್ತಿತ್ತು, ಗೊತ್ತಿದ್ದೇ ಕೇಳಿದಳು ಅನಿಸುತ್ತದೆ.

ಅಪ್ಪ ಹೆರಿಂಗ್ ಹಿಡಿಯಲು ಹೋಗಿ ಬಾರದೆ ಎರಡು ಚಳಿಗಾಲ ಕಳೆದ ಮೇಲೂ
ಅಮ್ಮ ಮಾಂಸದಂಗಡಿಯವನಿಗೆ ಹೇಳುತ್ತಿದ್ದಳು,
ನಮ್ಮವರಿಗೆ ಕೊಬ್ಬು ಸೇರುವುದಿಲ್ಲ, ತೆಗೆದು ಕೊಡಿ.
ಹತ್ತು ವರ್ಷದ ನಾನು ಎಲ್ಲರ ಮುಂದೆ ತಿದ್ದಿದೆ:
ಸೇರುವುದಿಲ್ಲ ಅಲ್ಲಮ್ಮ, ಸೇರುತ್ತಿರಲಿಲ್ಲ.
ಅವಳು ಪೊಟ್ಟಣ ತೆಗೆದುಕೊಂಡಳು, ಚಿಲ್ಲರೆ ಎಣಿಸಿಕೊಂಡಳು.
ಮನೆ ಬರುವ ತನಕ ಮಾತಿಲ್ಲ.
ಕೊಬ್ಬು ತೆಗೆಸುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಹ್ಯಾಸ್, ಅಂದೆ ಸರ್ಮೀತೆಗೆ.
ಖಂಡಿತಾನಾ?
ವ್ಯಾಕರಣದ ಪ್ರಕಾರ ಖಂಡಿತ.
ಮೂರೇ ಅಕ್ಷರ. ಎಷ್ಟು ಒತ್ತಿ ಬರೆದಳೆಂದರೆ
ಮೇಜಿನ ಗಿಡ್ಡ ಕಾಲು ಟಕ್ಕೆಂದಿತು.
ಹೊರಡುವಾಗ ಒಂದು ಬಿಸ್ಕತ್ತು ಜೇಬಿಗೆ ಹಾಕಿಕೊಂಡಳು.

ಹಿಂದೆಯೇ ಜಿಲ್ವಿನಾಸ್, ಕೈಯಲ್ಲಿ ಚೀಟಿ.
ಮೇಡಂ, ಲೈ ಅಂದರೆ ಮಲಗುವುದೋ, ಸುಳ್ಳು ಹೇಳುವುದೋ?
ಎರಡೂ, ಅಂದೆ. ಕೂತುಕೋ.