ಆಯಿತೆಂದು ಭಾವಿಸತಕ್ಕದ್ದು

ರಾಯಚೂರಿನ ಗಂಜಿನಲ್ಲಿ, ಬೇವಿನ ಕೆಳಗೆ,
ಚಹಾ ಗ್ಲಾಸಿನ ಒದ್ದೆ ಉಂಗುರದ ಪಕ್ಕ
ಸಹಿ ಬಿದ್ದ ಕರಾರು ಇದು.
ಹನ್ನೊಂದನೇ ಕಲಮು ಹೇಳುತ್ತದೆ:
ಈ ಒಪ್ಪಂದ ಲಿವರ್‌ಪೂಲಿನಲ್ಲಿ ಆಯಿತೆಂದು
ಭಾವಿಸತಕ್ಕದ್ದು.

ಸರಿ, ಭಾವಿಸಿದೆ.
ಇಪ್ಪತ್ತೆರಡು ವರ್ಷದ ಗುಮಾಸ್ತಿಕೆಯಲ್ಲಿ
ಏನೇನು ಭಾವಿಸಿಲ್ಲ ನಾನು.
ಬೇವನ್ನು ಬೇರುಸಹಿತ ಕಿತ್ತೆ, ಕೆಟಲು, ಕಾಟಾ,
ಕಾಟಾದ ಮೇಲೆ ಮಲಗುವ ಕುಂಟ ನಾಯಿ,
ಎಲ್ಲವನ್ನೂ ಹಡಗು ಹತ್ತಿಸಿದೆ.
ಬಿಸಿಲು ಮಾತ್ರ ಹತ್ತಲಿಲ್ಲ.
ನಮ್ಮ ಬಿಸಿಲಿಗೆ ಆ ಪುಸ್ತಕದಲ್ಲಿ ಯಾವ ಕಲಮೂ ಇಲ್ಲ.

ತಕರಾರು ಇಷ್ಟೇ:
ಲುಂಕಡ್ ಸೇಠರ ಜಿನ್ನಿನಿಂದ ಹೋದ ಇನ್ನೂರು ಬೇಲು
ಚಿತ್ತಗಾಂಗಿನ ಗಿರಣಿಯಲ್ಲಿ ಒದ್ದೆ ಅನಿಸಿಕೊಂಡವು.
ತೇವ ಎಂಟೂವರೆ ಅಂದೆವು ನಾವು. ಹನ್ನೊಂದು ಅಂದರು ಅವರು.
"ಸಮುದ್ರದ ಮ್ಯಾಲ ಹೋದದ್ದು ಒದ್ದಿ ಆಗದ ಇರ್ತದೇನ್ರಿ?"
ಅಂದ ಗ್ರೇಡರ್ ಕಾಸಿಮಪ್ಪ,
ಎಳೆಯನ್ನು ಹೆಬ್ಬೆರಳ ಉಗುರಿಗೆ ಹಚ್ಚಿ
ಮಿಲಿಮೀಟರು ತಪ್ಪದೆ ಉದ್ದ ಹೇಳುವವನು.

ನ್ಯಾಯ ಹೇಳುವ ಮೂವರು ರಾಯಚೂರು ಕಂಡವರಲ್ಲ.
ಲಕೋಟೆಯಲ್ಲಿ ಹೋದ ಒಂದು ಹಿಡಿ ನಮೂನೆ ಕಂಡವರು.
ಯಾರೂ ಓಟು ಹಾಕಿ ಕೂಡಿಸಿದ್ದಲ್ಲ ಅವರನ್ನು.
ಹತ್ತಿ ಮಾರುವವರೂ ಕೊಳ್ಳುವವರೂ
ತಮ್ಮೊಳಗೆ ಬರೆದುಕೊಂಡು, ತಿದ್ದುತ್ತ ಬಂದ ಪುಸ್ತಕ,
ಅದರ ಮೇಲೆ ಮೂರು ಜೋಡಿ ಕನ್ನಡಕ.

"ಮತ್ತ ಅವರ ಮಾತು ಯಾಕ ಕೇಳಬೇಕು?"
ಕೇಳದಿದ್ದರ ಹೆಸರು ಪಟ್ಟಿಗಿ ಹೋಗ್ತದ, ಕಾಸಿಮಣ್ಣ.
ಪಟ್ಟಿಯೊಳಗ ಬಿದ್ದವರ ಹತ್ತಿ ಯಾರೂ ಮುಟ್ಟಂಗಿಲ್ಲ.
ಅವನು ನಕ್ಕ. "ಚಹಾ ಬಂದ್ ಅನ್ನು."

ಹೌದು, ನಮ್ಮ ಗಂಜಿನಲ್ಲೂ ಇದ್ದದ್ದು ಅದೇ.
ಟವೆಲಿನ ಕತ್ತಲಲ್ಲಿ ಬೆರಳು ಬೆರಳು ಹಿಡಿದು
ಮುಗಿದ ರೇಟಿಗೆ ಕಾಗದವಿರಲಿಲ್ಲ.
ಹಾಲಿ ಸಿಕ್ಕಾ ಹೋಗಿ ಸಿಂಹದ ನಾಣ್ಯ ಬಂತು,
ಹೈದರಾಬಾದು ಹೋಗಿ ಮೈಸೂರು ಬಂತು,
ನಡುಬೆರಳು ಹಿಡಿದರೆ ಎಷ್ಟು ಎಂಬುದು ಬದಲಾಗಲಿಲ್ಲ.
ಮಾತು ಮುರಿದ ದಲಾಲನಿಗೆ ಬೈಗುಳವಿಲ್ಲ, ಕೋರ್ಟಿಲ್ಲ.
ಮರುದಿನ ಯಾರೂ ಅವನಿಗೆ ಚಹಾ ಹೇಳುತ್ತಿರಲಿಲ್ಲ.
ಮೂರನೇ ದಿನ ತಾನೇ ಬಂದು ಫರಕು ಎಣಿಸುತ್ತಿದ್ದ.

ಇದನ್ನು ನಾನು ಸ್ವಲ್ಪ ಹೆಮ್ಮೆಯಿಂದಲೇ ಹೇಳುತ್ತಿದ್ದೆ.
ಉದುರು ಹತ್ತಿ ಬಳಿಯುತ್ತಿದ್ದ ಅಂಬಮ್ಮ
ಕಸಬರಿಗೆ ನಿಲ್ಲಿಸಿದಳು.
"ಆ ಟವೆಲ್ಲಿನೊಳಗ ನಮ್ಮ ಕೈ ಎಂದರ ಹೋಗಿತ್ತೇನ್ರಿ?
ನಿಮಗ ಚಹಾ ಬಂದ್ ಮೂರು ದಿನ.
ನಮ್ಮ ಓಣಿಗಿ, ನಮ್ಮಪ್ಪ ಹುಟ್ಟೂಕಿಂತ ಮೊದಲಿಂದ."

ಕನ್ನಡಕ ಒರೆಸಿಕೊಂಡೆ.
ಅದು ಒರೆಸುವಷ್ಟು ಮಸುಕಾಗಿರಲಿಲ್ಲ.

ಅಂಬಮ್ಮನದೂ ಒಂದು ಕಾಯಿದೆ. ಎಲ್ಲೂ ಬರೆದಿಲ್ಲ.
ಕಾಟಾದಿಂದ ಮೂರು ಹೆಜ್ಜೆ ಈಚೆ ಬಿದ್ದದ್ದು ಸೇಠರದು,
ಆಚೆ ಬಿದ್ದದ್ದು ಬಳಿಯುವವರದು.
ಯಾರ ಹೆಜ್ಜೆ ಅಂತ ಹೊಸ ಮ್ಯಾನೇಜರ್ ಕೇಳಿದ್ದ ಒಮ್ಮೆ.
ಹನ್ನೆರಡು ಹೆಂಗಸರು ಕಸಬರಿಗೆ ಇಟ್ಟು ಕೂತರು,
ಎಲೆಡಿಕೆ ಹಾಕಿದರು, ಒಬ್ಬಳು ಹೇನು ತೆಗೆದಳು ಇನ್ನೊಬ್ಬಳಿಗೆ.
ಸಂಜೆಗೆ ಅಂಗಳ ಮೊಣಕಾಲಮಟ ಬೆಳ್ಳಗಾಗಿ
ಹೆಜ್ಜೆಯ ಅಳತೆ ಅವನಿಗೆ ತಿಳಿಯಿತು.

ಮೊನ್ನೆ ರಾತ್ರಿ ಇಮೇಲಿನಲ್ಲಿ ತೀರ್ಪು ಬಂತು.
ಸೋತಿದ್ದೇವೆ. ಖರ್ಚು ಪೌಂಡುಗಳಲ್ಲಿ.
ಪೌಂಡು ಸೇಠರ ಟೇಬಲ್ಲಿಗೆ ಇಳಿಯಿತು,
ಟೇಬಲ್ಲಿನಿಂದ ಹಮಾಲಿ ರೇಟಿಗೆ,
ಅಲ್ಲಿಂದ ಇನ್ನೂ ಕೆಳಗೆ.
ಬೆಳಿಗ್ಗೆ ಬಂದು ನೋಡಿದರೆ
ಅಂಗಳದಲ್ಲಿ ಹಳದಿ ಪೇಂಟಿನ ಗೆರೆ,
ನಾಲ್ಕನೇ ಹೆಜ್ಜೆಗೆ.

ಅಂಬಮ್ಮ ಚಪ್ಪಲಿ ಬಿಟ್ಟಳು.
ಕಾಟಾಕ್ಕೆ ಹಿಮ್ಮಡಿ ಹಚ್ಚಿ ನಡೆದಳು.
ಮೂರಕ್ಕೆ ನಿಂತಳು. ಗೆರೆ ಇನ್ನೂ ಮುಂದಿತ್ತು.
ಅದರ ಮೇಲೆ ಕಾಲಿಟ್ಟು, ಒರೆಸಿ, ನನ್ನ ಕಡೆ ತಿರುಗಿ,
"ಬರಕೊಳ್ರಿ ಗುಮಾಸ್ತರ.
ಮೂರು ಹೆಜ್ಜಿ.
ಲಿವರ್‌ಪೂಲಿನ್ಯಾಗ ಇಟ್ಟೀನಂತ ಭಾವಿಸ್ಕೊಳ್ರಿ."

ಪೇಂಟು ಆರಿರಲಿಲ್ಲ.
ಅವಳ ಹಿಂದೆ ಹತ್ತಿಯ ಮೇಲೆ
ಒಂದೇ ಕಾಲಿನ ಹಳದಿ ಗುರುತುಗಳು,
ಕುಂಟ ನಾಯಿ ಮೂಸಿ ನೋಡುತ್ತಿತ್ತು.