ಬೆಟ್ಟವಿಲ್ಲದ ಊರಲ್ಲಿ

ಹಲ್ ಪಟ್ಟಣದಲ್ಲಿ ಬೆಟ್ಟವಿಲ್ಲ.
ಹುಡುಕಿದರೆ ಒಂದು ಮೇಲ್ಸೇತುವೆ, ಅಷ್ಟೆ.
ಆದರೂ ಗುರುವಾರ ಸಂಜೆ, ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ
ಹೀಟರಿನ ಪಕ್ಕ ಕೋಟು ಬಿಚ್ಚಿಟ್ಟು
ವೆಂಗ್ ಬೋಚಿಯೆನ್ ನಮಗೆ ಬೆಟ್ಟ ಕಲಿಸುತ್ತಾರೆ.

ಮೊದಲ ಮೂರು ವಾರ ಕುಂಚವನ್ನೇ ಕೊಡಲಿಲ್ಲ.
ಮಸಿ ತೇಯಿರಿ ಎಂದರು.
ನನಗೆ ಕಷ್ಟವಾಗಲಿಲ್ಲ; ಸಾಣೆಕಲ್ಲಿನ ಮೇಲೆ
ಗಂಧ ತೇಯ್ದ ಕೈ ಇದು.
ನೀರು ಹನಿಸುವ ಹದ, ಮಣಿಕಟ್ಟಿನ ಸುತ್ತು, ಎಲ್ಲ ಅದೇ.
ವಾಸನೆ ಮಾತ್ರ ಹೊಗೆ ಹಿಡಿದ ಅಡುಗೆಮನೆ ಗೋಡೆಯದು.

ಮೂವತ್ತೊಂದು ವರ್ಷ ಬಂದರಿನ ಸುಂಕದ ಕಚೇರಿಯಲ್ಲಿ
ಪೆಟ್ಟಿಗೆ ಎಣಿಸಿದವರು ಅವರು.
ಹಿಂದಿನವರೂ ಹಾಗೇ ಅಂತೆ:
ಪರೀಕ್ಷೆ ಗೆದ್ದು, ಹಗಲೆಲ್ಲ ಕಂದಾಯದ ಲೆಕ್ಕ ಬರೆದು
ರಾತ್ರಿ ಅದೇ ಕುಂಚದಲ್ಲಿ ಜಲಪಾತ.
ಮಾರಲಿಕ್ಕಲ್ಲ. ಗೆಳೆಯನೊಬ್ಬನಿಗೆ,
ಅವನೂ ವರ್ಗವಾಗಿ ದೂರ ಹೋದವನು.
"ಕೆಲಸ ಕಳಕೊಂಡವರದು ಇನ್ನೂ ಚೆನ್ನಾಗಿರುತ್ತಿತ್ತು"
ಎಂದು ನಕ್ಕರು, ರದ್ದಾದ ಫಾರಂಗಳ ಕಟ್ಟು ಬಿಚ್ಚುತ್ತಾ.
ಅವುಗಳ ಬೆನ್ನ ಮೇಲೆಯೇ ನಮ್ಮ ಅಭ್ಯಾಸ.

ಬ್ರೆಂಡಾ ಕೇಳಿದಳು, ಸೂರ್ಯ ಯಾವ ಕಡೆ? ನೆರಳೇಕಿಲ್ಲ?
ನಾನು ಕೇಳಿದೆ, ನೀರನ್ನು ಹೇಗೆ ಬರೆಯುವುದು?
"ಬರೆಯಬೇಡಿ. ಬಿಡಿ.
ದೋಣಿ ಇಟ್ಟರೆ ನೀರು ತಾನೇ ಬರುತ್ತದೆ."
ನನಗೆ ಬಿಡಲು ಬರಲಿಲ್ಲ.
ನನ್ನ ಹೊಳೆ, ಒಗೆದು ಹರವಿದ ಪಂಚೆಯಂತಾಯಿತು.

ಎರ್ನಿ ಗಾರ್ಟನ್, ಎಪ್ಪತ್ತೊಂಬತ್ತು, ಮೀನುಹಡಗಿನಲ್ಲಿದ್ದವನು,
ಬಲಗೈಯಲ್ಲಿ ಎರಡೇ ಬೆರಳು ಪೂರ್ತಿ,
ಹವಾಮಾನ ಬಿಟ್ಟು ಬೇರೆ ಮಾತಾಡದವನು,
ಆ ಸಂಜೆ ಹಾಳೆಯ ಕೆಳಮೂಲೆಯಲ್ಲಿ
ಅಕ್ಕಿಕಾಳಿನಷ್ಟು ಕಪ್ಪು ಇಟ್ಟು ಕುಂಚ ಕೆಳಗಿಟ್ಟ.
ಉಳಿದದ್ದೆಲ್ಲ ಬಿಳಿ.
"ಐಸ್‌ಲ್ಯಾಂಡಿನ ಉತ್ತರಕ್ಕೆ. ಮಂಜು.
ನಮ್ಮ ಜೊತೆಗಿದ್ದ ಹಡಗು ಹಾರ್ನು ಊದುತ್ತಿತ್ತು.
ಆಮೇಲೆ ಊದಲಿಲ್ಲ."

ಸುಂಕದವನ ಮುಂದೆ ಸುಖದುಃಖ ಹೇಳಬೇಡ ಅನ್ನುತ್ತದೆ ನನ್ನ ಭಾಷೆ.
ಈ ಸುಂಕದವರು ಕುರ್ಚಿ ಎಳೆದು ಕೂತರು.
ಬಹಳ ಹೊತ್ತು.
ಹೀಟರು ಕಟಕಟ ಅಂದಿತು.

ಚಿತ್ರ ಹಿಡಿಸಿದರೆ ಅವರು ಕೆಂಪು ಮುದ್ರೆ ಒತ್ತುವುದುಂಟು,
ಪಕ್ಕದಲ್ಲಿ ಎರಡು ಸಾಲು ಬರೆಯುವುದೂ.
ಡಬ್ಬಿ ತೆಗೆದರು. ಮುದ್ರೆಗೆ ಬಾಯಿಯ ಹಬೆ ಊದಿದರು.
ಹಾಳೆಯನ್ನು ಮೇಲಿಂದ ಕೆಳಗೆ, ಮತ್ತೊಮ್ಮೆ
ಮೇಲಿಂದ ಕೆಳಗೆ ನೋಡಿ
ಡಬ್ಬಿ ಮುಚ್ಚಿದರು.
"ಜಾಗವಿಲ್ಲ."

ಎರ್ನಿ ತಲೆಯಾಡಿಸಿದ, ಲೋಟ ತೊಳೆಯಲು ಹೋದ.
ಎಷ್ಟು ಉಜ್ಜಿದರೂ ನನ್ನ ಉಗುರಿನ ಸಂದಿಯಲ್ಲಿ ಮಸಿ.
ಹೊರಗೆ ಬಸ್ಸು ತಡ.