ಎರಡು ಗಂಟು

ವಾಸ್ಕೋ ಬಂದರಿನ ಬೆನ್ನಿಗೆ ನಮ್ಮ ಆಸ್ಪತ್ರೆ.
ಕಿಟಕಿ ತೆರೆದರೆ ಕೀಬೋರ್ಡಿನ ಮೇಲೆ ಕಲ್ಲಿದ್ದಲ ಪುಡಿ;
ಬೆರಳಿಟ್ಟಲ್ಲೆಲ್ಲ ಒಂದು ಗುರುತು.

ನನ್ನ ಕೆಲಸ ಚಿಕ್ಕದು.
ರೋಗಿಯ ಕಡತವೆಂದರೆ ಎಕ್ಸೆಮ್ಮೆಲ್ಲಿನ ಒಂದು ಮರ,
ಕೊಂಬೆಗೊಂದು ಗುಳಿಗೆ, ಎಲೆಗೊಂದು ಹೊತ್ತು.
ಸ್ಟೈಲ್‌ಶೀಟು ಅದನ್ನು ಚೀಟಿ ಮಾಡುತ್ತದೆ.
ಯಾವ ಭಾಷೆಯಲ್ಲಿ ಅನ್ನುವುದನ್ನು ಮಾತ್ರ
ಹೊರಗಿನಿಂದ ನಾನು ಹೇಳಿಕಳಿಸಬೇಕು.
ಹೇಳದಿದ್ದರೆ ಇಂಗ್ಲಿಷೇ ಅಂದುಕೊಳ್ಳುತ್ತದೆ,
ಬ್ಯಾಂಕಿನ ಕೌಂಟರಿನವರ ಹಾಗೆ.

ಹೇಳಿಕಳಿಸಿದೆ: ಕನ್ನಡ.
ಪ್ರೋಗ್ರಾಮು ಕೊಟ್ಟಿತು, ಸ್ಟೈಲ್‌ಶೀಟು ಇಸಕೊಂಡಿತು,
ತಪ್ಪೆಂದು ಯಾರೂ ಕೂಗಲಿಲ್ಲ.
ಪ್ರಿಂಟರಿನಿಂದ ಬಂದದ್ದು
ಗುಳಿಗೆಯ ಹೆಸರು, ಅದರ ಮುಂದೆ ಬಿಳಿ,
ಗುಳಿಗೆಯ ಹೆಸರು, ಅದರ ಮುಂದೆ ಬಿಳಿ.
ಫುರ್ಟಾಡೊ ಬಾಯಿ ಕನ್ನಡಕ ಹಣೆಗೇರಿಸಿ
"ಕಿತೆಂ ಜಾಲೆಂ?" ಅಂದರು.
ನನಗೇನು ಗೊತ್ತು.

ಕೌಂಟರಿನಾಚೆ ದುರುಗವ್ವ. ಇಳಕಲ್ಲಿನ ಕಡೆಯವಳು,
ಬೈನಾದಲ್ಲಿ ಗಟಾರದ ಕೆಲಸ, ಮೂರು ರಾತ್ರಿಯಿಂದ ಜ್ವರ.
ಚೀಟಿ ಆ ಮಗ್ಗುಲು ಈ ಮಗ್ಗುಲು ತಿರುವಿದಳು.
"ನನಗ ಓದಾಕ ಬರೂದಿಲ್ರೀ, ನಮ್ ಹುಡುಗಿ ಓದತಾಳ.
ಆದ್ರ ಇದರಾಗ ಏನೂ ಬರದಿಲ್ಲಲ್ರೀ?"

ಪೆನ್ನು ತೆಗೆದು ಬರೆದುಕೊಟ್ಟೆ:
ಮುಂಜಾನೆ ಒಂದು, ರೊಟ್ಟಿ ತಿಂದ ಮೇಲೆ. ರಾತ್ರಿ ಒಂದು.

ಅವಳು ಗುಳಿಗೆಗಳನ್ನು ಚಿಂದಿಯಲ್ಲಿ ಕಟ್ಟಿ
ಆ ಗಂಟನ್ನು ಚಿಲ್ಲರೆಯ ಜೊತೆ
ಸೆರಗಿನ ತುದಿಯಲ್ಲಿಟ್ಟು ಮತ್ತೆ ಗಂಟು ಹಾಕಿದಳು.
"ಎರಡೆರಡು ಯಾಕವ್ವಾ?"
"ಬಸ್ಸಿನ ರೊಕ್ಕಕ್ಕ ಸೆರಗ ಬಿಚ್ಚಬೇಕಲ್ರೀ,
ಒಳಗಿನ ಗಂಟು ಮನೀಗೆ."

ಅವಳು ಹೋಗಿ ಎಷ್ಟೋ ಹೊತ್ತಿನ ಮೇಲೆ ಹೊಳೆಯಿತು.

ನಾನು ಕಳಿಸಿದ್ದು ಒಂದೇ ಗಂಟಿನ ಮಾತು.
ಪ್ರೋಗ್ರಾಮು ದಾರಿಯಲ್ಲೇ ಅದನ್ನು ಬಿಚ್ಚಿತ್ತು.
ಬರಿಮೈಯಲ್ಲಿ ಬಂದ ಪದವನ್ನು ಸ್ಟೈಲ್‌ಶೀಟು
ಮಾತೆಂದು ತಿಳಿಯದೆ, ವಿಳಾಸವೆಂದುಕೊಂಡು,
ಮರದ ಬುಡದಲ್ಲಿ ನಿಂತು
ಕನ್ನಡ ಎಂಬ ಕೊಂಬೆಯನ್ನು ಹುಡುಕಿದೆ,
ಪಾಪ.
ಸಿಗದಾಗ ಬರಿಗೈಯನ್ನೇ ಉತ್ತರವೆಂದು ಹಿಡಿದಿದೆ.
ಇಂಗ್ಲಿಷಿಗೂ ಮರಳಲಿಲ್ಲ:
ಖಾಲಿ ಕೊಟ್ಟರೂ ಕೊಟ್ಟ ಹಾಗೇ ಲೆಕ್ಕ.

ಹೊರಗೆ ಜೋಡಿ ಚಿಹ್ನೆ, ಒಳಗೆ ಒಂಟಿ:
"'ಕನ್ನಡ'"
ದುರುಗವ್ವನ ಚೀಟಿಯನ್ನೇ ಮತ್ತೊಮ್ಮೆ ಹೊಡೆದೆ.
ಬಿಳಿಯಿದ್ದಲ್ಲಿ ಸಾಲು ಸಾಲಾಗಿ ಅಕ್ಷರ:
ಬೆಳಗ್ಗೆ ಒಂದು, ಊಟದ ನಂತರ.
ಬಾಯಿ ಬೆನ್ನು ತಟ್ಟಿ ಚಹಾ ತರಿಸಿದರು.

ಊಟ ಅಂತಿದೆ. ರೊಟ್ಟಿ ಅಂತಿಲ್ಲ.
ಅದಕ್ಕೊಂದು ಪ್ಯಾರಾಮೀಟರನ್ನು
ನಾನು ಇಟ್ಟೇ ಇರಲಿಲ್ಲ.